ಬಲಕ್ಕೆ ವಾಲಿದ ಬೆಟ್ಟ

ಬೇಕರಿ ಮಾಮನಿಗೆ ಎಣ್ಣೆಬಣ್ಣದ ಹುಚ್ಚು ಹತ್ತಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಹೆಂಡತಿಯ ಮೇಲಿನ ಪ್ರೀತಿಯಿಂದ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಆಕೆ ಹಾಸಿಗೆ ಹಿಡಿದಿದ್ದಳು. ಈಗ ಮೂಳೆಯೇನೋ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. "ಇನ್ನು ನಡೆಸಲೇಬೇಕು, ಇಲ್ಲದಿದ್ರೆ ಕಾಲು ಹೀಗೇ ಉಳಿದುಬಿಡುತ್ತೆ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮಾಮ ಕೈ ಚಾಚಿದರೆ ಆಕೆ, "ನಾಳೆ ನೋಡೋಣ ರೀ" ಎಂದು ಗೋಡೆಯ ಕಡೆ ಹೊರಳುತ್ತಿದ್ದಳು. ಆ ನಾಳೆ ಬರುವ ಲಕ್ಷಣವೇ ಇರಲಿಲ್ಲ.

ಒಂದು ದಿನ ಗೋಡೆ ನೋಡುತ್ತಲೇ, "ನಮ್ಮಮ್ಮನ ಮನೇಲಿ ಕಿಟಕಿ ತೆಗೆದ್ರೆ ಮಂಜು ಹೊದ್ದ ಬೆಟ್ಟ ಕಾಣ್ತಿತ್ತು" ಎಂದಳು. ಅಷ್ಟೇ ಸಾಕಾಯಿತು. ಮಾಮ ಮಾರನೆಯ ದಿನವೇ ಪಕ್ಕದ ಬೀದಿಯ ಚಿತ್ರದ ಟೀಚರ್ ಮುಂದೆ ಹೋಗಿ ಕುಳಿತ.

ಜೀವಮಾನವೆಲ್ಲ ಕೇಕಿಗೆ ಕೆನೆ ಬಳಿದ ಕೈ ಅದು, ಸುಮ್ಮನಿರುತ್ತದೆಯೇ? ಬಣ್ಣ ಬಳಿಯುವ ಚಪ್ಪಟೆ ಚಾಕು ಕಂಡದ್ದೇ ತಡ, ಬಿಳಿ ಬಣ್ಣವನ್ನು ದಪ್ಪಗೆ ಮೆತ್ತಿ, ಅಂಚು ನುಣ್ಣಗೆ ಸವರಿ, ಎಲ್ಲಕ್ಕಿಂತ ಮೊದಲು ತುದಿಯ ಮಂಜನ್ನೇ ಮುಗಿಸಿಬಿಟ್ಟ. ಅದರ ಮೇಲೆ ನೀಲಿ ಬಂಡೆ ಎಳೆಯಲು ಹೋದರೆ ಎಲ್ಲ ಕಲಸಿ ಪಾತ್ರೆ ತೊಳೆದ ನೀರಿನ ಬಣ್ಣವಾಯಿತು.

"ಮಾಮ, ಇದು ಕೇಕಲ್ಲ!" ಟೀಚರ್ ನಕ್ಕಳು. "ಮೊದಲು ತೆಳ್ಳಗೆ ಬಂಡೆ, ದಪ್ಪ ಮಂಜು ಕೊನೇಲಿ. ಎಣ್ಣೆಬಣ್ಣ ಬೇಗ ಒಣಗಲ್ಲ. ಕಾಯ್ಬೇಕು."

"ಕಾಯೋಕೆ ಅವಳ ಕಾಲಿಗೆ ಪುರುಸೊತ್ತಿಲ್ಲಮ್ಮ."

ವಿಷಯ ತಿಳಿದ ಟೀಚರ್ ಚಿತ್ರ ನಿಲ್ಲಿಸುವ ಒಂದು ಸ್ಟ್ಯಾಂಡನ್ನೇ ಹೊರಿಸಿ ಕಳಿಸಿದಳು. "ಅವರ ಕಣ್ಣೆದುರಿಗೇ ಬಿಡಿಸಿ, ಮಾಮ."

ಮಾಮ ಹಾಸಿಗೆಗೆ ಎದುರಾಗಿ ಕೋಣೆಯ ಆ ಬದಿಯಲ್ಲಿ ಸ್ಟ್ಯಾಂಡ್ ನಿಲ್ಲಿಸಿದ. ಬೇಕರಿ ಮುಚ್ಚಿ ಬಂದು ದಿನವೂ ಒಂದಿಷ್ಟು ಬಳಿದ. ಬಂಡೆ ಬಂತು, ಇಳಿಜಾರು ಬಂತು. ಆಕೆ ಎಣ್ಣೆಯ ವಾಸನೆಗೆ ಮೂಗು ಮುಚ್ಚಿಕೊಂಡಳೇ ಹೊರತು ಗೋಡೆಯ ಕಡೆ ಹೊರಳಲಿಲ್ಲ. ತುದಿಗೆ ಮಂಜು ಹಚ್ಚಿದ ದಿನ ಮಾತ್ರ ಬಾಯಿ ಬಿಟ್ಟಳು.

"ಅದು ಯಾವ ಬೆಟ್ಟ ರೀ?"

"ನಿಮ್ಮದೇ ಕಣೇ!"

"ನಮ್ಮ ಬೆಟ್ಟದ ತುದಿ ಬಲಕ್ಕೆ ವಾಲಿತ್ತು. ನೀವು ಗಾಜಿನ ಪೆಟ್ಟಿಗೆ ಕೇಕಿನ ಹಾಗೆ ನೆಟ್ಟಗೆ ಕೂರಿಸಿದ್ದೀರಿ."

ಮಾಮ ತಿದ್ದಿದ. "ಅಷ್ಟಲ್ಲ." ಮತ್ತೆ ತಿದ್ದಿದ. "ಅಯ್ಯೋ, ಇನ್ನೂ ಕೆಳಗೆ! ನಿಮಗೆ ಹೇಳಿ ಹೇಳಿ ಸಾಕಾಯ್ತು. ಕೊಡಿ ಇಲ್ಲಿ!"

ಆಕೆ ಹೊದಿಕೆ ಸರಿಸಿ, ಮೇಜು ಹಿಡಿದು, ಕುರ್ಚಿ ಹಿಡಿದು, ಬೈಯುತ್ತಲೇ ಬಂದು ಚಾಕು ಕಿತ್ತುಕೊಂಡಳು. ಹಸಿ ಬಣ್ಣ ಹೇಳಿದ ಮಾತು ಕೇಳಿತು. ತುದಿ ಬಲಕ್ಕೆ ವಾಲಿತು. ಆಕೆಯ ಕಣ್ಣು ತನ್ನ ಪಾದಗಳ ಮೇಲೆ ಬಿದ್ದದ್ದು ಆಮೇಲೆ. "ರೀ, ಹಿಡ್ಕೊಳ್ಳಿ!" ಎಂದು ಕೂಗಿದಳು. ಮಾಮ ಹಿಡಿದುಕೊಂಡ, ಹಾಸಿಗೆಗೆ ಕರೆತಂದ, ಅಡುಗೆಮನೆಗೆ ಹೋಗಿ ಅತ್ತ.

ಮರುದಿನ ಆಕೆ ಮತ್ತೆ "ನಾಳೆ" ಎಂದಳು. ಮಾಮ ವಾದಕ್ಕಿಳಿಯಲಿಲ್ಲ. ಸ್ಟ್ಯಾಂಡನ್ನು ಇನ್ನೂ ದೂರಕ್ಕೆ ಎಳೆದು ಹೊಸ್ತಿಲ ಬಳಿ ಇಟ್ಟ. ಚಾಕು ತೆಗೆದು ತುದಿಯನ್ನು ಸೀದಾ ಎಡಕ್ಕೆ ವಾಲಿಸಿದ.

ಆಕೆ ಕತ್ತೆತ್ತಿ ಬೆಟ್ಟ ನೋಡಿದಳು.

"ಬೇಕಂತಲೇ ಮಾಡಿದ್ದೀರಿ, ಅಲ್ವಾ?"

ಮಾಮನಿಗೆ ಸುಳ್ಳು ಹೇಳಲಾಗಲಿಲ್ಲ. "ಹೂಂ ಕಣೇ" ಎಂದು, ಕೈ ಹಿಡಿಯಲು ಎರಡು ಹೆಜ್ಜೆ ಮುಂದೆ ಬಂದ.

ಆಕೆ ಕಾಲುಗಳನ್ನು ಮೆಲ್ಲಗೆ ನೆಲಕ್ಕೆ ಇಳಿಬಿಟ್ಟಳು.

"ನೀವು ಅಲ್ಲೇ ಇರಿ. ನಾನೇ ಬರ್ತೀನಿ."