ಕೈಗಡದ ಗುಳಿಗೆ

ಮಂಜು ಇನ್ನೂ ಬಿಟ್ಟಿಲ್ಲ, ಸಾವರ್ಡೆಯ ಕೆಂಪು ದೂಳನ್ನು ಇಬ್ಬನಿ ನೆಲಕ್ಕೆ ಅಂಟಿಸಿಬಿಟ್ಟಿದೆ, ಗಣಿಯ ಟ್ರಕ್ಕುಗಳು ಕಾಣುತ್ತಿಲ್ಲ, ಬರೀ ಸದ್ದು, ಈ ಕಟ್ಟೆಯ ಕಲ್ಲು ಎಷ್ಟು ತಣ್ಣಗಿದೆ, ಬೆಳಗಿನ ಪೂಜೆಯ ವಿಭೂತಿ ನನ್ನ ಹಣೆಯ ಮೇಲೆ ಇನ್ನೂ ಹಸಿಯಾಗಿಯೇ ಇದೆ — ಒಳಗ ಬರ್ರಿ ಬಾಯಾರ, ಡಾಕ್ಟರನ್ನ ಹೊರಗ ಕುಂಡ್ರಿಸ್ಯಾಳ ಅಂತ ಓಣಿ ಮಂದಿ ನನ್ನ ಆಡಿಕೊಳ್ಳತಾರ, ಯಲ್ಲವ್ವ ತೋಳು ಚಾಚಿಕೊಂಡೇ ಗದರುತ್ತಾಳೆ, ಪಟ್ಟಿ ಬಿಗಿಯುತ್ತದೆ, ಸಡಿಲವಾಗುತ್ತದೆ, ಮತ್ತೆ ಅದೇ, ಮೇಲೆಯೇ ನಿಂತಿದೆ ಬಿಪಿ, ನಿಮ್ಮ ಯಂತ್ರಕ್ಕ ನನ್ನ ಮ್ಯಾಲ ಸಿಟ್ಟೈತ್ರಿ ಎನ್ನುತ್ತಾಳೆ, ನಗುತ್ತಾಳೆ, ಅವಳ ಬೆನ್ನ ಹಿಂದೆ ಗೂಡಿನಲ್ಲಿ ಎಲ್ಲಮ್ಮನ ಫೋಟೋ, ಭಂಡಾರದ ಡಬ್ಬಿ, ಪಕ್ಕದಲ್ಲಿ ಗುಳಿಗೆಯ ಸ್ಟ್ರಿಪ್ಪು, ಅರ್ಧಕ್ಕೆ ಕತ್ತರಿಸಿದ್ದು, ಕತ್ತರಿಸಿದ ಅಂಚು ಬೆಳ್ಳಿಯ ಹಾಗೆ ಹೊಳೆಯುತ್ತಿದೆ. ನನ್ನ ಚೀಲದಲ್ಲಿ ದೊಡ್ಡಾಸ್ಪತ್ರೆಯ ತಜ್ಞರ ಸಲಹೆಯ ಕಾಗದ ಇದೆ, ಇಷ್ಟು ತಿಂಗಳಾದರೂ ಇಳಿಯದಿದ್ದರೆ ಗುಳಿಗೆ ಎರಡರಷ್ಟು ಮಾಡಿ ಎಂದು, ಅವರದು ತಪ್ಪೆನ್ನಲಾರೆ, ಅವರು ಅಧ್ಯಯನ ಮಾಡಿದ ರೋಗಿಗಳು ಮಂಚದ ಮೇಲಿದ್ದವರು, ಸಿಸ್ಟರ್ ಅಂಗೈಗೆ ಗುಳಿಗೆ ಹಾಕಿ ನುಂಗುವವರೆಗೂ ಎದುರಿಗೇ ನಿಂತಿರುತ್ತಾಳೆ, ಈ ಯಲ್ಲವ್ವ ಇನ್ನು ಸ್ವಲ್ಪ ಹೊತ್ತಿಗೆ ಟೆಂಪೋ ಹತ್ತಿ ಕೆಪೆಗೆ ಹೋಗಿ ಕಟ್ಟುತ್ತಿರುವ ಮನೆಯ ಎರಡನೇ ಮಹಡಿಗೆ ಸಿಮೆಂಟಿನ ಬುಟ್ಟಿ ಹೊರುವವಳು, ಪಕ್ಕದಲ್ಲಿ ಗೋಡೆ ಇಲ್ಲ, ಹಿಡಿಯಲು ಕಂಬಿಯಿಲ್ಲ, ಬರೀ ಹಲಗೆ — ಕತ್ತರಿಸಿದ್ದು ಯಾಕೆ, ಒಬ್ಬಳೇ ತಿನ್ನುವವಳಿಗೆ ಕತ್ತರಿ ಯಾಕೆ ಬೇಕು.

ಅವ್ವ ಹೇಳುತ್ತಿದ್ದ ಕಥೆಯಲ್ಲಿ ಶಿವ ಜಂಗಮನಾಗಿ ಊರಿಗೆ ಬಂದರೆ ಯಾರ ಮನೆಯೊಳಗೂ ಕಾಲಿಡುತ್ತಿರಲಿಲ್ಲ, ಕಟ್ಟೆಯ ಮೇಲೆ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದ, ಇವತ್ತ ಒಲಿ ಮ್ಯಾಲ ಏನೈತಿ ತಾಯಿ, ಆ ಉತ್ತರದಲ್ಲೇ ಮನೆಯ ಕಷ್ಟವೆಲ್ಲ ಅವನಿಗೆ ತಿಳಿಯುತ್ತಿತ್ತು, ಫೋಂಡಾದ ಡಾಕ್ಟರುಗಳ ಸಭೆಯಲ್ಲಿ ಚಹಾ ಕುಡಿಯುತ್ತ ಹಿರಿಯರೊಬ್ಬರು ನಯವಾಗಿಯೇ ಅಂದರು, ಶೈಲಾ ಮೇಡಂ, ನೀವು ನೆಗಡಿ ಜ್ವರ ನೋಡುವವರು, ಸಂಶೋಧನೆ ನಮಗೆ ಬಿಡಿ, ನಾನೂ ನಯವಾಗಿಯೇ ನಕ್ಕೆ, ಬಿಡಲಿಲ್ಲ, ಬಿಡುವುದು ಹೇಗೆ, ರೋಗ ಅವರ ವಾರ್ಡಿಗೆ ಬರುವುದು ಕಟ್ಟಕಡೆಗೆ, ಹುಟ್ಟುವುದು ಬೆಳೆಯುವುದು ಈ ಓಣಿಯಲ್ಲಿ, ಇಲ್ಲಿಯ ಪ್ರಶ್ನೆಯನ್ನು ಇಲ್ಲಿ ಕೂತವರೇ ಕೇಳಬೇಕು, ಅದಕ್ಕೇ ವಾರಕ್ಕೊಂದು ಬೆಳಗು ಮನೆಮನೆಗೆ ಬರುತ್ತೇನೆ, ಕೇಳುತ್ತೇನೆ — ಯಲ್ಲವ್ವಾ, ಈ ಗುಳಿಗಿ ನಿನ್ನ ಬಿಟ್ಟು ಮತ್ತ್ಯಾರು ತಗೊಂಡ್ರು. ಮಗ್ಗಲ ಮನಿ ಅಖ್ತರಬಾನುಗ ಕೈಗಡ ಕೊಟ್ಟೇನ್ರಿ, ಆಕಿ ಮದವಿಗಂತ ವಿಜಾಪುರಕ್ಕ ಹೋಗಿದ್ಲು, ಬರೂದ್ರಾಗ ಆಕಿವು ಮುಗದಿದ್ವು, ಹೆಪ್ಪಿಗೆ ಮಜ್ಜಗಿ ಕೇಳಿದ್ರ ಇಲ್ಲ ಅಂತೀವೇನ್ರಿ, ಇದೂ ಹಂಗ. ಮತ್ತ ನೀನು. ನಾನು ದಿನ ಬಿಟ್ಟು ದಿನ ನುಂಗಾಕತ್ತೇನ್ರಿ, ನನಗೇನಾಗೈತಿ, ಕಲ್ಲಿದ್ದಂಗ ಅದೇನಿ. ಅದಕ್ಕ ಮೊದಲ ಯಾರಿಗೆ ಕೊಟ್ಟಿದ್ದಿ. ಅದಕ್ಕ ಮೊದಲ ಕಡೀ ಮನಿಯಾಕಿಗೆ ಕೊಟ್ಟಿದ್ದೆ, ಆಕಿ ತಿರುಗಿ ಕೊಟ್ಲು ಬಿಡ್ರಿ, ಯಾರೂ ಮುಳುಗಿಸಿಲ್ಲ. ಎಷ್ಟು ಹೆಮ್ಮೆಯಿಂದ ಹೇಳುತ್ತಾಳೆ, ಕತ್ತರಿಯಿಂದ ನೆಟ್ಟಗೆ ಕತ್ತರಿಸಿದ ಅಂಚಿನ ಹಾಗೆಯೇ ಅವಳ ಲೆಕ್ಕವೂ ನೆಟ್ಟಗಿದೆ, ಬಿಪಿಯೊಂದೇ ಸೊಟ್ಟ.

ಈ ಕಾಗದದಂತೆ ಎರಡರಷ್ಟು ಬರೆದುಕೊಟ್ಟಿದ್ದರೆ, ಕೊಟ್ಟದ್ದೆಲ್ಲ ತಿರುಗಿ ಬಂದ ವಾರ ಇವಳು ದಿನವೂ ಎರಡೆರಡು ನುಂಗಿ, ಬಿಪಿ ಸರ್ರನೆ ಇಳಿದು, ತಲೆಯ ಮೇಲೆ ಬುಟ್ಟಿ, ಕಾಲ ಕೆಳಗೆ ಹಲಗೆ, ಕಣ್ಣಿಗೆ ಕತ್ತಲೆ — ಬೇಡ, ಆ ಕಡೆ ಮನಸ್ಸು ಹೋಗುವುದು ಬೇಡ, ಬರೆಯಲಿಲ್ಲವಲ್ಲ, ಶಿವ ಕೂರಿಸಬೇಕಾದ ಕಟ್ಟೆಯಲ್ಲೇ ಕೂರಿಸಿದ. ಗುಳಿಗೆ ಅಷ್ಟೇ ಇರಲಿ, ದಿನವೂ ಹೊಟ್ಟೆಗೆ ಹೋಗಲಿ, ಹದಿನೈದು ದಿನಕ್ಕೆ ಮತ್ತೆ ಅಳೆಯುತ್ತೇನೆ, ಕೈಗಡ ಕೊಡಬೇಡ ಎಂದರೆ ಈ ಓಣಿ ಕೇಳುವುದಿಲ್ಲ, ಕೇಳಲೂ ಬಾರದು, ಇವರೆಲ್ಲ ಊರು ಬಿಟ್ಟು ಬಂದು ಬದುಕಿರುವುದೇ ಆ ಕೊಟ್ಟು ತರುವುದರಿಂದ, ಹಾಗಾದರೆ ಮನೆಗೆ ಒಂದು ವಾರದ ಗುಳಿಗೆ ಹೆಚ್ಚಿಗೆ ಕೊಡುತ್ತೇನೆ, ದೇವರ ಮುಡಿಪಿನ ಹಾಗೆ ತೆಗೆದಿಡಲಿ, ತನ್ನದು ಮುಗಿದವಳು ತನ್ನ ಮುಡಿಪನ್ನೇ ಬಿಚ್ಚಲಿ, ಒಪ್ಪಿಗೆ ಕೇಳಿ ಮೊದಲು ಈ ಓಣಿಗೆ, ಮಳೆಗಾಲ ಕಳೆದ ಮೇಲೆ ಕೆಳಗಿನ ಓಣಿಗೆ, ಎರಡನ್ನೂ ಹೋಲಿಸಿ ನೋಡೋಣ, ಬಿಪಿ ಇಳಿದರೂ ಹೇಳುತ್ತೇನೆ ಇಳಿಯದಿದ್ದರೂ ಹೇಳುತ್ತೇನೆ, ಫೋಂಡಾದಲ್ಲಿ ಅದೇ ಚಹಾದ ಮುಂದೆ — ಇಳಿಯುತ್ತದೆ, ನನಗೆ ಗೊತ್ತು, ಮಂಜು ಕರಗಿದ ಹಾಗೆ, ಅಗೋ ಟ್ರಕ್ಕುಗಳು ಕಾಣತೊಡಗಿವೆ, ಮಗ್ಗುಲ ಬಾಗಿಲು ಕಿರುಗುಡುತ್ತದೆ, ಅಖ್ತರಬಾನು, ನನ್ನನ್ನು ಕಂಡು ಅಳುಕುತ್ತಾಳೆ, ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಾಳೆ, ಆದರೂ ಬರುತ್ತಾಳೆ, ಕೈಯಲ್ಲಿ ಯಲ್ಲವ್ವನದೇ ಸ್ಟೀಲಿನ ಬಟ್ಟಲು, ಯಲ್ಲವ್ವನ ಅಂಗೈಯಲ್ಲಿಟ್ಟು ಅವಳ ಬೆರಳು ಮಡಚುತ್ತಾಳೆ, ತಿರುಗಿ ಹೋಗುತ್ತಾಳೆ, ಖಾಲಿ ಬಟ್ಟಲು ತಿರುಗಿಸಬಾರದಲ್ಲ, ತಳದಲ್ಲಿ ಒಂದು ಚಿಟಿಕೆ ಸಕ್ಕರೆ, ಸಕ್ಕರೆಯ ಮೇಲೆ ನಿನ್ನೆ ದವಾಖಾನೆಯಲ್ಲಿ ಅಖ್ತರಬಾನುಗೆ ನಾನೇ ಕೊಟ್ಟ ಹೊಸ ಸ್ಟ್ರಿಪ್ಪಿನ ಅರ್ಧ, ಕತ್ತರಿಸಿದ ಅಂಚು, ಬೆಳ್ಳಿ, ಬಿಸಿಲು ಈಗಷ್ಟೇ ಅದರ ಮೇಲೆ ಬಿದ್ದಿದೆ, ಕತ್ತರಿಸಿದ ಅಂಚು