ತೂತಿನ ರಟ್ಟು

ಮೂವತ್ತೊಂದು. ಮತ್ತೆ ಎಣಿಸಿದ. ಹಾಳಾದ್ದು, ಮೂವತ್ತೊಂದೇ.

ಹದಿನೆಂಟು ವರ್ಷದ ಹಿಂದಿನ ತನ್ನ ಉತ್ತರಪತ್ರಿಕೆಯ ಮೇಲೆ ಐವತ್ತು ತೂತಿನ ರಟ್ಟು ಇಟ್ಟು, ತೂತುಗಳಲ್ಲಿ ಕಂಡ ಸರಿಯುತ್ತರಗಳನ್ನು ಎಣಿಸುತ್ತ ಕೂತಿದ್ದ. ಅತಿಬುದ್ಧಿವಂತರ ಸಂಘಕ್ಕೆ ಸೇರಲು ಮೂವತ್ತಾರು ಬೇಕು. ಆಗಿನ ಅಧ್ಯಕ್ಷರು, ಮಹಾಮೇಧಾವಿ, ಒಂದು ಸಾಲನ್ನು ಎರಡು ಸಲ ಕೂಡಿ ಮೂವತ್ತೇಳು ಎಂದು ಬರೆದು ಸಹಿ ಹಾಕಿದ್ದರು. ಆ ಸಹಿಯ ಬಲದ ಮೇಲೆ ಇಷ್ಟು ವರ್ಷ ತಲೆಯೆತ್ತಿ ನಡೆದಿದ್ದ. ಎಂಟು ವರ್ಷದಿಂದ ಕಾರ್ಯದರ್ಶಿ ಬೇರೆ.

ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ಉದ್ಯೋಗ. ಹತ್ತು ಗ್ರಾಂ ಕಡಿಮೆ ತೂಗಿದವನನ್ನೂ ಬಿಟ್ಟವನಲ್ಲ.

ಸದಸ್ಯರ ಪತ್ರಿಕೆಗಳ ಹಳೆಯ ಫೈಲು ತೆಗೆದದ್ದೇ ತಪ್ಪು. ತೆಗೆಸಿದ್ದು ಹೆಂಡತಿಯ ಪತ್ರಿಕೆ. ಹೋದ ಭಾನುವಾರ ಸಂಘದ ಪರೀಕ್ಷೆಗೆ ಒಂದು ನರಪಿಳ್ಳೆಯೂ ಬರಲಿಲ್ಲವೆಂದು ಕುರ್ಚಿ ತುಂಬಲು ಅವಳನ್ನೇ ಕೂರಿಸಿದ್ದ. ಬಟ್ಟೆ ಹೊಲಿಯುವವಳು. ನಲವತ್ತೆರಡು ಬಂದಿತ್ತು. ತನ್ನದು ಅದಕ್ಕಿಂತ ಹೆಚ್ಚಿದ್ದೀತೇನೋ ಎಂದು ಫೈಲು ಬಿಚ್ಚಿದ್ದ.

ಈ ಮನೆಯಲ್ಲಿ ಬುದ್ಧಿ ಯಾರದು ಎಂಬುದು ಮದುವೆಯಾದ ವಾರವೇ ತೀರ್ಮಾನವಾಗಿತ್ತು. ಅದನ್ನು ಈಗ ಕೆದಕುವುದೆಂದರೆ?

"ನಂದು ನೋಡಿದ್ರಾ?" ಒಳಗೆ ಹೊಲಿಗೆ ಯಂತ್ರ ನಿಲ್ಲಿಸಿ ಅವಳು ಕೇಳಿದಳು.

"ನೋಡ್ತಾ ಇದೀನಿ."

ರಟ್ಟಿನ ಒಂದು ಮೂಲೆ ಕತ್ತರಿಸಿರುತ್ತದೆ. ಅದು ಮೇಲೆ ಬರಬೇಕು. ಅವನು ಅದನ್ನು ಕೆಳಗೆ ಮಾಡಿ ಅವಳ ಪತ್ರಿಕೆಯ ಮೇಲಿಟ್ಟು ಕೆಂಪು ಶಾಯಿಯಲ್ಲಿ ಗುರುತು ಹಾಕಿದ.

"ಹನ್ನೊಂದು."

"ಅಷ್ಟಾದ್ರೂ ಬಂತಲ್ಲ." ನಕ್ಕಳು. ಯಂತ್ರ ಮತ್ತೆ ಓಡಿತು.

ತನ್ನ ಹಾಳೆ ಕಿತ್ತು, ಮಡಚಿ ಜೇಬಿಗಿಟ್ಟುಕೊಂಡು ಸಭೆಗೆ ಹೋದ. ಅಂದು ಫೈಲನ್ನು ಹೊಸ ಕಾರ್ಯದರ್ಶಿಯಾದ ದಂತವೈದ್ಯನಿಗೆ ಒಪ್ಪಿಸಬೇಕಿತ್ತು. ನಾಲ್ವರು ಮೇಧಾವಿಗಳು ಕಿಟಕಿಯ ಚಿಲಕ ತೆಗೆಯಲಾಗದೆ ಬೆವರುತ್ತ, ಜನಸಾಮಾನ್ಯರ ದಡ್ಡತನದ ಬಗ್ಗೆ ಮಾತಾಡುತ್ತ ಕೂತಿದ್ದರು.

"ನಿಮ್ಮ ಹಾಳೆ ಮಾತ್ರ ಕಾಣ್ತಾ ಇಲ್ವಲ್ಲ?" ದಂತವೈದ್ಯ ಪುಟ ತಿರುವಿದ.

"ಗೆದ್ದಲು ತಿಂದಿರ್ಬೇಕು."

"ಹೌದೌದು, ಹಳೇ ಕಾಗದ."

ದಾರದಿಂದ ಹೊಲಿದ ಫೈಲಿನ ನಡುವಿನಿಂದ ಒಂದೇ ಒಂದು ಹಾಳೆ ಆರಿಸಿ ತಿಂದ ಗೆದ್ದಲನ್ನು ನಾಲ್ವರೂ ಒಪ್ಪಿಕೊಂಡರು. ಅವನಿಗೆ ನಿರಾಳವಾಗಬೇಕಿತ್ತು. ಥೂ ಎನ್ನಿಸಿತು. ಇವರ ನಡುವೆ ಉಳಿಯೋದಕ್ಕಾ ಇಷ್ಟೆಲ್ಲ?

ಸಂಜೆ ಮನೆಗೆ ಬಂದಾಗ ಹೆಂಡತಿ ಅವನ ಮೇಜಿನ ಬಳಿ ನಿಂತಿದ್ದಳು. ಅವಳ ಪತ್ರಿಕೆ, ರಟ್ಟು ಎರಡನ್ನೂ ಅಲ್ಲೇ ಮರೆತು ಹೋಗಿದ್ದ. ರಟ್ಟಿನಲ್ಲಿ ಅಳತೆ ಕತ್ತರಿಸಿ, ಬಟ್ಟೆಯ ಮೇಲಿಟ್ಟು ಗೀಟೆಳೆಯುವುದು ಅವಳ ದಿನದ ಕೆಲಸ.

"ಈ ಮೂಲೆ ಮೇಲೆ ಬರ್ಬೇಕಲ್ವೇನ್ರೀ?"

"ಯಾವ ಮೂಲೆ?"

"ಏನಿಲ್ಲ ಬಿಡಿ." ರಟ್ಟನ್ನು ಕೈಗೆತ್ತಿಕೊಂಡಳು. "ಅಂಗಿ ಬಿಚ್ಚಿಕೊಡಿ, ನೆನೆಹಾಕ್ತೀನಿ. ಜೇಬಲ್ಲಿ ಏನಾದ್ರೂ ಇದೆಯಾ?"

"ಏನೂ ಇಲ್ಲ."

ಬಿಚ್ಚಲಿಲ್ಲ. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತ.

ಅವಳು ರಟ್ಟನ್ನು ಕಿಟಕಿಯ ಬಿಸಿಲಿಗೆ ಹಿಡಿದಳು, ಕತ್ತರಿಸಿದ ಮೂಲೆ ಮೇಲೆ ಮಾಡಿ. ತೂತುಗಳಿಂದ ಬಂದ ಬೆಳಕಿನ ಚುಕ್ಕೆಗಳು ಅವನ ಅಂಗಿಯ ಮೇಲೆ ಬಿದ್ದವು, ಒಂದಷ್ಟು ಗೋಡೆಯ ಮೇಲೆ. ಅವನು ಎಣಿಸತೊಡಗಿದ. ಐವತ್ತೂ ತನ್ನ ಮೇಲೇ ಬೀಳಲೆಂದು ಗೋಡೆಯ ಮೇಲಿನ ಚುಕ್ಕೆಗಳ ಕಡೆ ಸರಿದ. ಈ ಕಡೆಯ ಚುಕ್ಕೆಗಳು ಅಂಗಿಯಿಂದ ಜಾರಿ, ಅವನು ಬಿಟ್ಟ ಜಾಗದಲ್ಲಿ ಕೂತವು.