ನಲವತ್ತೊಂದನೇ ಕಂಬ

ಹಾಯಿಬಟ್ಟೆಯನ್ನು ಕಂಬಕ್ಕೆ ಸುತ್ತಿ, ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿಯುತ್ತಿದ್ದಳು ಮಗಳು. ಎದೆಮಟ್ಟ ನೀರು. ಮರದ ಜೆಟ್ಟಿಯ ಮೇಲಿಂದ ಚಿಕ್ಕಪ್ಪ ಬಗ್ಗಿ ನೋಡಿದ.

"ಅಪ್ಪನ ಹೆಣ ಅಂಗಳದಲ್ಲಿದೆ, ನೀನಿಲ್ಲಿ ಕಂಬಕ್ಕೆ ಬಟ್ಟೆ ಉಡಿಸ್ತಾ ಇದೀಯಲ್ಲೇ! ಹತ್ತಕ್ಕೆ ಎತ್ತಬೇಕು."

"ಇದೊಂದೇ ಉಳಿದಿರೋದು ಚಿಕ್ಕಪ್ಪ. ನಲವತ್ತನ್ನ ಅಪ್ಪನೇ ಮುಗಿಸಿದ್ರು. ಮೀನು ಇವತ್ತೇ ಬರ್ತವೆ."

"ನಾಳೆ ಬರೋಕೆ ಹೇಳು."

ಅವಳು ಹಗ್ಗವನ್ನು ಇನ್ನೊಂದು ಸುತ್ತು ಎಳೆದಳು. ದೂರದಲ್ಲಿ ಹಕ್ಕಿಗಳು ಆಗಲೇ ನೀರಿಗೆ ಮುತ್ತಿಕೊಂಡಿದ್ದವು.

ಅಮ್ಮ ಬಂದು ಮೈದುನನ ಪಕ್ಕ ನಿಂತಳು. "ಬಿಡಪ್ಪಾ. ಮೂವತ್ತು ವರ್ಷ ಊಟಕ್ಕೆ ನನ್ನ ಕಾಯಿಸಿದ ಮನುಷ್ಯ. ಇವತ್ತೊಂದು ಗಳಿಗೆ ಅವರೂ ಕಾಯಲಿ."

"ಅತ್ತಿಗೆ, ನೀವೂ ಇವಳ ತಾಳಕ್ಕೆ ಕುಣೀತೀರಲ್ಲ! ಮಣ್ಣಿಗೆ ಮಗಳೇ ಇಲ್ಲ ಅಂದ್ರೆ ಹೇಗೆ?"

"ಹಾಗಾದ್ರೆ ಅವರನ್ನೇ ಇಲ್ಲಿಗೆ ಕರ್ಕೊಂಡು ಬನ್ನಿ," ಎಂದಳು ಅಮ್ಮ.

*

ಈ ಕಂಬಗಳಿಗೆಲ್ಲ ಡಾಂಬರು ಬಳಿದವನು ಅಪ್ಪನೇ. ಊರಿಗೆಲ್ಲ ಅವನು ಡಾಂಬರಣ್ಣ. ತಾನು ಬಳಿದ ಮರಕ್ಕೆ ಹುಳ ಬಾಯಿ ಹಾಕುವುದಿಲ್ಲ ಎಂದು ಬೀಗುತ್ತಿದ್ದ.

ಐದು ವರ್ಷದ ಹಿಂದೆ, ನೀರಿನ ಪರೀಕ್ಷೆಗೆ ಬಂದಿದ್ದ ಹೆಂಗಸೊಬ್ಬಳು ಕಂಬಕ್ಕಂಟಿದ್ದ ಮೀನಿನ ಮೊಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅವನನ್ನು ಕರೆದಳು. ಗಾಜಿನ ಮಣಿಯಂಥ ಮೊಟ್ಟೆ. ಒಳಗೆ ಸುರುಳಿಯಾಗಿ ಮಲಗಿದ ಮರಿ, ಅದರೊಳಗೆ ಚುಕ್ಕೆಯಷ್ಟು ಹೃದಯ. ಎರಡು ಸಲ ಮಿಡಿಯಿತು. ನಿಂತಿತು. ಬಹಳ ಹೊತ್ತಿನ ಮೇಲೆ ಮತ್ತೊಮ್ಮೆ.

"ಡಾಂಬರಿನ ವಿಷ," ಎಂದಳು ಅವಳು. "ಹೃದಯ ಸರಿಯಾಗಿ ರೂಪುಗೊಳ್ಳೋದೇ ಇಲ್ಲ. ಮೊಟ್ಟೆಯೊಳಗಿರೋ ಹಳದೀನೆಲ್ಲ ಮರಿಗಳು ಬರೀ ಜೀವ ಹಿಡಿಯೋಕೆ ಸುಟ್ಟುಬಿಡ್ತವೆ, ಬೆಳೆಯೋಕೆ ಏನೂ ಮಿಗಲ್ಲ. ಉಳ್ಕೊಂಡವೂ ದೊಡ್ಡವಾದ್ಮೇಲೆ ಬೇಗ ದಣೀತವೆ."

ಅಪ್ಪ ಕಣ್ಣು ಕೀಳಲೇ ಇಲ್ಲ. ಕೊನೆಗೆ ಮಗಳ ಕಡೆ ತಿರುಗಿ, "ಇಷ್ಟು ಚಿಕ್ಕದಕ್ಕೂ ಒಂದು ಹೃದಯ ಇದೆ ಕಣೇ," ಎಂದ. ದೊಡ್ಡದೇನೋ ನೋಡಿ ಬಂದವನ ದನಿಯಲ್ಲಿ.

ಆಮೇಲೆ ಪ್ರತಿ ವರ್ಷ, ಮೀನು ಮೊಟ್ಟೆಯಿಡುವ ಕಾಲಕ್ಕೆ ಮುಂಚೆ, ಮೊಟ್ಟೆ ಡಾಂಬರಿಗೆ ತಾಗದಂತೆ ಎಲ್ಲ ಕಂಬಗಳಿಗೂ ಬಟ್ಟೆ ಸುತ್ತುತ್ತಿದ್ದ. ಊರು ನಗುತ್ತಿತ್ತು. ಅವನಿಗೆ ಕೇಳಿಸುತ್ತಿರಲಿಲ್ಲ.

*

ಬಟ್ಟೆ ಒಂದು ಮೊಳ ಸಾಲದೆ ಹೋಯಿತು. ಅಷ್ಟು ಜಾಗದಲ್ಲಿ ಕಂಬದ ಕಪ್ಪು ಹಾಗೇ ಉಳಿಯಿತು.

ಅಷ್ಟರಲ್ಲಿ ನೀರು ನಡುಗಿತು. ಅವಳ ಸೊಂಟಕ್ಕೆ, ಬೆನ್ನಿಗೆ, ಕಾಲಿಗೆ ತಣ್ಣನೆಯ ಮೈಗಳು ಸವರಿ ಹೋದವು. ನೂರಲ್ಲ, ಸಾವಿರವಲ್ಲ, ಲೆಕ್ಕಕ್ಕೆ ಸಿಗುವಂಥದ್ದೇ ಅಲ್ಲ. ನೋಡನೋಡುತ್ತಿದ್ದಂತೆ ಗಂಡುಮೀನುಗಳು ಚೆಲ್ಲಿದ ಬೀಜದಿಂದ ಕಡಲು ಹಾಲಿನಂತೆ ಬೆಳ್ಳಗಾಯಿತು. ಅವಳು ಎರಡೂ ತೋಳಿನಿಂದ ಆ ಕಪ್ಪನ್ನು ತಬ್ಬಿ ಹಿಡಿದಳು.

ತಲೆಯ ಮೇಲೆ ಹಲಗೆಗಳು ಕಿರುಗುಟ್ಟಿದವು. ಸಂದಿನಲ್ಲಿ ಚಟ್ಟ ಹೊತ್ತವರ ಪಾದಗಳು ಕಂಡವು, ಅವುಗಳ ಮೇಲೆ ಉದ್ದನೆಯದೊಂದು ನೆರಳು. ಸರಿಯಾಗಿ ಅವಳ ಮೇಲೆ ಬಂದು ನಿಂತಿತು.

"ಅಯ್ಯೋ, ನೀರು ನೋಡ್ರೋ!" ಯಾರೋ ಅಂದರು.

ಚಿಕ್ಕಪ್ಪ ಹಲಗೆಯ ಮೇಲೆ ಬೋರಲು ಮಲಗಿ, ಹೆಗಲ ಶಾಲನ್ನು ಕೆಳಗಿಳಿಸಿದ. "ಸುತ್ತೇ. ಸುತ್ತಿ ಮೇಲೆ ಬಾ."

"ಕೈ ಬಿಡೋ ಹಾಗಿಲ್ಲ ಚಿಕ್ಕಪ್ಪ."

ಅವಳ ತೋಳುಗಳು ಮೊಣಕೈವರೆಗೂ ಕಾಳಿನಂಥ ಪಾರದರ್ಶಕ ಮೊಟ್ಟೆಗಳಿಂದ ತುಂಬಿಹೋಗಿದ್ದವು. ಅವನು ಶಾಲನ್ನು ಮೇಲೆಳೆದುಕೊಳ್ಳಲು ಹೊರಟು, ತಡೆದ. ನೀರಿಗೆ ತಾಗಿದ ಅದರ ಅಂಚಿಗೂ ಒಂದು, ಎರಡು, ಹತ್ತು ಮೊಟ್ಟೆಗಳು ಬಂದು ಕೂತಿದ್ದವು. ಅವನು ಕೈ ಅಲುಗಿಸದೆ ಹಾಗೇ ಹಿಡಿದುಕೊಂಡ.